ಕತ್ತಿನ ನೀರುಗಂಟು ಮತ್ತು ನಾನು ಹಗುರವಾಗಿ ತೆಗೆದುಕೊಂಡ ಒಂದು ಸಾಲು

ತೋರಿಸಿಕೊಳ್ಳಲು ಬಂದ ಹೆಂಗಸೊಬ್ಬರ ಗದ್ದದ ಕೆಳಗೆ, ಕತ್ತಿನ ನಟ್ಟನಡುವೆ ನಿಂಬೆಹಣ್ಣಿನಷ್ಟು ಗಂಟು. "ನಾಲಿಗೆ ಹೊರಗೆ ಚಾಚಿ" ಅಂದೆ, ಗಂಟು ಮೇಲಕ್ಕೆ ಸರಿಯಿತು. ನಮ್ಮಂಥ ಇಎನ್‌ಟಿಯವರಿಗೆ ಅಷ್ಟು ಕಂಡರೆ ಸಾಕು, ಥೈರೋಗ್ಲಾಸಲ್ ಸಿಸ್ಟ್ ಅಂತ ಬರೆದುಬಿಡುತ್ತೇವೆ. ಥೈರಾಯ್ಡ್ ಹುಟ್ಟುವುದು ನಾಲಿಗೆಯ ಬುಡದಲ್ಲಿ. ತಾಯಿಯ ಹೊಟ್ಟೆಯಲ್ಲಿರುವಾಗಲೇ ಕತ್ತಿಗೆ ಇಳಿಯುತ್ತದೆ. ಇಳಿದ ದಾರಿ ಮುಚ್ಚಿಹೋಗಬೇಕು. ಕೆಲವರಲ್ಲಿ ಮುಚ್ಚುವುದಿಲ್ಲ, ಅಲ್ಲೇ ನೀರು ತುಂಬಿಕೊಳ್ಳುತ್ತದೆ.

ಆಕೆಗೆ 40ರ ಆಸುಪಾಸು. ಚಿಕ್ಕಂದಿನಿಂದಲೂ ಇತ್ತು, ನೋವಿಲ್ಲ, ಈಚೆಗೆ ಸ್ವಲ್ಪ ದಪ್ಪ ಆಗಿದೆ ಅಂದರು. ಸ್ಕ್ಯಾನ್‌ನಲ್ಲಿ ನಾನು ಮೊದಲು ನೋಡುವುದು ಥೈರಾಯ್ಡ್ ತನ್ನ ಜಾಗದಲ್ಲಿ ಇದೆಯಾ ಅಂತ, ಯಾಕೆಂದರೆ ಅಪರೂಪಕ್ಕೆ ಆ ಗಂಟೇ ಅವರ ಇಡೀ ಥೈರಾಯ್ಡ್ ಆಗಿರುತ್ತದೆ, ಗೊತ್ತಿಲ್ಲದೆ ತೆಗೆದರೆ ಜೀವನಪೂರ್ತಿ ಮಾತ್ರೆ. ಅದು ಸರಿ ಇತ್ತು. ಸ್ಕ್ಯಾನ್ ರಿಪೋರ್ಟ್‌ನ ಕೊನೆಯಲ್ಲಿ ಒಂದು ಸಾಲು: ಗಂಟಿನ ಗೋಡೆಯಲ್ಲಿ ಗಟ್ಟಿ ಭಾಗ, ಸಣ್ಣ ಸುಣ್ಣದ ಚುಕ್ಕಿಗಳು. ಹಳೇ ಸೋಂಕಿನ ಗುರುತಿರಬೇಕು ಅಂದುಕೊಂಡು ಸುಮ್ಮನಾದೆ. ಸೂಜಿ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ. ಸಿಗುವುದಾದರೂ ಹೇಗೆ, ಸೂಜಿ ಹೋಗಿದ್ದು ನೀರಿಗೆ, ಗಟ್ಟಿ ಭಾಗಕ್ಕಲ್ಲ!

ಪುಣ್ಯಕ್ಕೆ ಆಪರೇಷನ್ ಅರೆಬರೆ ಮಾಡಿರಲಿಲ್ಲ. 1920ರಲ್ಲಿ ಸಿಸ್ಟ್ರಂಕ್ ಅನ್ನುವ ಸರ್ಜನ್ ವಿವರಿಸಿದ ವಿಧಾನವೇ. ಗಂಟಿನ ಜೊತೆ ಹಯಾಯ್ಡ್ ಅನ್ನುವ ಕತ್ತಿನ ಸಣ್ಣ ಮೂಳೆಯ ನಡುಭಾಗ, ಅಲ್ಲಿಂದ ನಾಲಿಗೆಯ ಬುಡದವರೆಗಿನ ದಾರಿ, ಎಲ್ಲ ಒಟ್ಟಿಗೆ ತೆಗೆಯಬೇಕು. ಬರೀ ಗಂಟು ಕಿತ್ತರೆ ಮತ್ತೆ ಬರುವುದು ಜಾಸ್ತಿ. ಟ್ರೇನಲ್ಲಿಟ್ಟು ಬೆರಳಲ್ಲಿ ಒತ್ತಿದೆ. ಎಲ್ಲ ಕಡೆ ಮೆತ್ತಗೆ, ಒಂದು ಮೂಲೆಯಲ್ಲಿ ಮಾತ್ರ ಕಡಲೆಕಾಳಿನಷ್ಟು ಗಟ್ಟಿ, ಒಳಗೆ ಮರಳು ಇದ್ದ ಹಾಗೆ. ಆ ಸಾಲು ಆಗ ನೆನಪಾಯಿತು.

ಲ್ಯಾಬ್ ರಿಪೋರ್ಟ್‌ನಲ್ಲಿ ಪ್ಯಾಪಿಲರಿ ಕ್ಯಾನ್ಸರ್, ಅಂದರೆ ಥೈರಾಯ್ಡ್ ಕ್ಯಾನ್ಸರ್‌ನ ಒಂದು ಬಗೆ. ಇಂಥ ಗಂಟುಗಳಲ್ಲಿ ಸುಮಾರು 100ಕ್ಕೆ 1ರಲ್ಲಿ ಕ್ಯಾನ್ಸರ್ ಇರುತ್ತದೆ, ಅದರಲ್ಲೂ ಹೆಚ್ಚಿನವು ಇದೇ ಜಾತಿ.

"ಹುಟ್ಟಿದಾಗಿನಿಂದ ಇತ್ತಾ ಡಾಕ್ಟ್ರೇ?" ಅಂತ ಆಕೆಯ ಯಜಮಾನರು ಕೇಳಿದರು. ಗಂಟು ಹುಟ್ಟಿನಿಂದ, ಕ್ಯಾನ್ಸರ್ ಆಮೇಲಿನದು. ದಾರಿಯಲ್ಲೇ ಉಳಿದುಹೋದ ಥೈರಾಯ್ಡ್ ಕಣಗಳಲ್ಲಿ ಬಂದದ್ದು ಅಂದೆ. ಥೈರಾಯ್ಡ್ ಕೂಡ ತೆಗೆಯಬೇಕಾ ಅನ್ನುವುದು ಮುಂದಿನ ಪ್ರಶ್ನೆ. ಇದಕ್ಕೆ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ. ಆಕೆಯದು ಚಿಕ್ಕದು, ಗೋಡೆ ದಾಟಿರಲಿಲ್ಲ, ಮತ್ತೆ ಮಾಡಿಸಿದ ಸ್ಕ್ಯಾನ್‌ನಲ್ಲಿ ಥೈರಾಯ್ಡ್, ಕತ್ತಿನ ದುಗ್ಧಗ್ರಂಥಿಗಳು ಸರಿಯಾಗಿದ್ದವು. ಹಾಗೇ ಬಿಟ್ಟೆವು, ಸ್ಕ್ಯಾನ್‌ಗೆ ಬಂದು ಹೋಗುತ್ತಿದ್ದಾರೆ.

ಈಗ ಗೋಡೆಯಲ್ಲಿ ಗಟ್ಟಿ ಕಂಡರೆ ಸ್ಕ್ಯಾನ್ ನೋಡಿಕೊಂಡೇ ಅಲ್ಲಿಗೆ ಸೂಜಿ ಹಾಕಿಸುತ್ತೇನೆ. ಕತ್ತಿನ ಪಕ್ಕದ ನೀರುಗಂಟಿಗಂತೂ ಇನ್ನೂ ಹುಷಾರು. 40 ದಾಟಿದವರಲ್ಲಿ ಅದು ಹೊಸದಾಗಿ ಬಂದರೆ, ಹುಟ್ಟಿನದೇ ಇರಬೇಕು ಅಂತ ಬರೆಯುವ ಮೊದಲು ಟಾನ್ಸಿಲ್, ನಾಲಿಗೆ ಬುಡ ಎರಡನ್ನೂ ನೋಡುತ್ತೇನೆ, ಯಾಕೆಂದರೆ ಅಲ್ಲಿನ ಕ್ಯಾನ್ಸರ್ ಕತ್ತಿಗೆ ಹರಡಿ ನೀರುಗಂಟಿನ ಹಾಗೇ ಕಾಣಬಹುದು.