ಮೊದಲ ಕೆಲಸದ ಸಂಬಳ: ಒಪ್ಪುವ ಮುನ್ನ ಮಾತನಾಡುವುದು ಹೇಗೆ?

ಆಫರ್ ಲೆಟರ್ ಕೈಗೆ ಬಂದ ಕೂಡಲೇ ಹೊಸಬರ ಕಣ್ಣು ಹೋಗುವುದು ಸಿಟಿಸಿ ಎಂಬ ಒಂದೇ ಅಂಕಿಯ ಮೇಲೆ. ಅದು ನಿಮಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚವೇ ಹೊರತು ಬ್ಯಾಂಕ್ ಖಾತೆಗೆ ಜಮೆಯಾಗುವ ಹಣವಲ್ಲ. ಹೆಚ್ಚು ಕೇಳುವ ಮುನ್ನ, ಈಗ ಕೊಡುತ್ತಿರುವುದು ನಿಜವಾಗಿ ಎಷ್ಟು ಎಂದು ಲೆಕ್ಕ ಹಾಕಿಕೊಳ್ಳಿ.

6 ಲಕ್ಷ ರೂಪಾಯಿ ಸಿಟಿಸಿಯಲ್ಲಿ ಅರ್ಧದಷ್ಟು ಮೂಲ ವೇತನ, 60,000 ರೂಪಾಯಿ ವೇರಿಯಬಲ್ ಪೇ (ಕೆಲಸದ ಸಾಧನೆ ನೋಡಿ ಕೊಡುವ, ಹೆಚ್ಚುಕಡಿಮೆಯಾಗಬಹುದಾದ ಪಾಲು) ಎಂದಿಟ್ಟುಕೊಳ್ಳೋಣ. ಮೂಲ ವೇತನದ ಶೇ 12ರಂತೆ ಕಂಪನಿ ಕಟ್ಟುವ ಭವಿಷ್ಯ ನಿಧಿಯ ಪಾಲು 36,000, ಶೇ 4.81ರಂತೆ ಗ್ರಾಚ್ಯುಟಿ (ಮುಂದೆ ಕೆಲಸ ಬಿಡುವಾಗ ಸೇವೆಗಾಗಿ ಕೊಡುವ ಹಣ) 14,430 ರೂಪಾಯಿ. ಇವೂ ಆ 6 ಲಕ್ಷದೊಳಗೇ ಸೇರಿರುತ್ತವೆ. ಇವನ್ನೂ ವೇರಿಯಬಲ್ ಪೇಯನ್ನೂ ತೆಗೆದರೆ ತಿಂಗಳಿಗೆ ಸುಮಾರು 40,800 ರೂಪಾಯಿ ಉಳಿಯುತ್ತದೆ. ಅದರಲ್ಲಿ ನಿಮ್ಮ ಪಾಲಿನ ಭವಿಷ್ಯ ನಿಧಿ 3,000 ಮತ್ತು ಕರ್ನಾಟಕದ ವೃತ್ತಿ ತೆರಿಗೆ 200 ಕಳೆದರೆ ಕೈಗೆ ಬರುವುದು 37,600ರ ಆಸುಪಾಸು. ತಿಂಗಳಿಗೆ 50,000 ಸಿಗುತ್ತದೆಂದು ನಂಬಿ ಬೆಂಗಳೂರಿನಲ್ಲಿ ಮನೆ ಹಿಡಿದವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಆದ್ದರಿಂದ ಸಂಬಳದ ಪೂರ್ಣ ವಿಂಗಡಣೆಯನ್ನು ಇ-ಮೇಲ್‌ನಲ್ಲಿ ಕಳುಹಿಸುವಂತೆ ಎಚ್‌ಆರ್ ವಿಭಾಗವನ್ನು ಕೇಳುವುದೇ ಮೊದಲ ಹೆಜ್ಜೆ.

ಮುಂದಿನದು, ಚೌಕಾಸಿಗೆ ಜಾಗವಿದೆಯೇ ಎಂದು ತಿಳಿಯುವುದು. ಕ್ಯಾಂಪಸ್ ನೇಮಕಾತಿಯಲ್ಲಿ ಆಯ್ಕೆಯಾದ ಎಲ್ಲರಿಗೂ ಸಾಮಾನ್ಯವಾಗಿ ಒಂದೇ ಸಂಬಳ ನಿಗದಿಯಾಗಿರುತ್ತದೆ. ಅಲ್ಲಿ ಸೇರುವ ದಿನಾಂಕ, ಕೆಲಸದ ಊರು, ತರಬೇತಿ ಅವಧಿಯ ವೇತನ ಇವುಗಳನ್ನು ಖಚಿತಪಡಿಸಿಕೊಂಡರೆ ಸಾಕು. ನೀವೇ ಅರ್ಜಿ ಹಾಕಿ ಪಡೆದ ಕೆಲಸದಲ್ಲಿ, ಅದರಲ್ಲೂ ಸಣ್ಣ ಕಂಪನಿ ಮತ್ತು ಸ್ಟಾರ್ಟ್‌ಅಪ್‌ಗಳಲ್ಲಿ, ಮಾತಿಗೆ ಅವಕಾಶ ಹೆಚ್ಚು. ಅದೇ ಊರಿನಲ್ಲಿ ಅದೇ ಕೆಲಸಕ್ಕೆ ಒಂದೆರಡು ವರ್ಷದ ಹಿಂದೆ ಸೇರಿದ ಸೀನಿಯರ್‌ಗಳನ್ನು ವಿಚಾರಿಸಿ. ಅವರು ಹೇಳಿದ್ದು ಸಿಟಿಸಿಯೋ ಕೈಗೆ ಬರುವ ಸಂಬಳವೋ ಎಂಬುದನ್ನೂ ಮರೆಯದೆ ಕೇಳಿ.

ಕೇಳುವಾಗ ಒಂದು ಅಂಕಿ, ಅದಕ್ಕೊಂದು ಕಾರಣ ಇರಲಿ. ‘ಈ ಕೆಲಸಕ್ಕೆ ಆಯ್ಕೆಯಾದದ್ದು ಸಂತೋಷ ತಂದಿದೆ. ಇದೇ ತಂತ್ರಜ್ಞಾನದಲ್ಲಿ ಆರು ತಿಂಗಳು ಇಂಟರ್ನ್‌ಶಿಪ್ ಮಾಡಿರುವುದರಿಂದ, ವೇರಿಯಬಲ್ ಪೇ ಬಿಟ್ಟು ಉಳಿದ ನಿಗದಿತ ವೇತನವನ್ನು 5.4 ಲಕ್ಷದಿಂದ 5.8 ಲಕ್ಷಕ್ಕೆ ಏರಿಸಲು ಸಾಧ್ಯವೇ ಎಂದು ದಯವಿಟ್ಟು ಪರಿಶೀಲಿಸಿ’ ಎಂಬಂತಹ ಮಾತು ಸಾಕು. ಮನೆಯ ಸಾಲ, ತಂಗಿಯ ಓದು ಎಷ್ಟೇ ನಿಜವಾದರೂ ಕಂಪನಿ ಅವುಗಳ ಮೇಲೆ ಸಂಬಳ ನಿರ್ಧರಿಸುವುದಿಲ್ಲ. ಇಲ್ಲದ ಇನ್ನೊಂದು ಆಫರ್ ಇದೆಯೆಂದು ಹೇಳುವುದಂತೂ ಬೇಡ. ಪತ್ರ ತೋರಿಸಿ ಎಂದರೆ ಕೆಲಸವೇ ಕೈತಪ್ಪಬಹುದು. ಹಣದ ಮಾತೆತ್ತಿದರೆ ದುರಾಸೆಯವರೆಂದು ತಿಳಿದಾರು ಎಂಬ ಅಳುಕು ನಮ್ಮ ಮಕ್ಕಳಲ್ಲಿ, ವಿಶೇಷವಾಗಿ ಸಣ್ಣ ಊರುಗಳಿಂದ ಬಂದವರಲ್ಲಿ, ಬಹಳ ಇದೆ. ವಿನಯದಿಂದ ಕೇಳಿದ ಪ್ರಶ್ನೆಗೆ ಉತ್ತರಿಸುವುದು ಎಚ್‌ಆರ್ ಸಿಬ್ಬಂದಿಯ ದಿನನಿತ್ಯದ ಕೆಲಸ ಎಂಬುದನ್ನು ಅವರು ತಿಳಿಯಬೇಕು.

ಸಂಬಳ ಏರಿಸಲಾಗದು ಎಂದರೆ, ವೇರಿಯಬಲ್ ಪೇಯ ಒಂದು ಪಾಲನ್ನು ನಿಗದಿತ ವೇತನಕ್ಕೆ ಸೇರಿಸಲು, ಊರು ಬದಲಿಸುವ ಖರ್ಚು ಭರಿಸಲು ಅಥವಾ ಆರು ತಿಂಗಳ ನಂತರ ವೇತನ ಪರಿಷ್ಕರಿಸಲು ಕೇಳಬಹುದು. ಜಾಯಿನಿಂಗ್ ಬೋನಸ್ ಕೊಟ್ಟರೆ, ಎಷ್ಟು ಅವಧಿಯೊಳಗೆ ಕೆಲಸ ಬಿಟ್ಟರೆ ಅದನ್ನು ಹಿಂದಿರುಗಿಸಬೇಕು ಎಂಬುದನ್ನು ಓದಿಕೊಳ್ಳಿ.

ಬಾಂಡ್ ಇದ್ದರೆ ಹಗುರವಾಗಿ ಸಹಿ ಹಾಕಬೇಡಿ. ಮೂರು ವರ್ಷದೊಳಗೆ ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಬಾಂಡ್‌ಗೆ ಬೆಲೆಯಿಲ್ಲ ಎಂಬ ಗೆಳೆಯರ ಮಾತನ್ನು ನಂಬಿ ಕೂರುವಂತಿಲ್ಲ. ಫೋನಿನಲ್ಲಿ ಒಪ್ಪಿದ ಪ್ರತಿಯೊಂದು ಅಂಶವೂ ಪರಿಷ್ಕೃತ ಪತ್ರದಲ್ಲಿ ಬಂದ ಮೇಲಷ್ಟೇ ಒಪ್ಪಿಗೆ ಕಳುಹಿಸಿ. ಸೇರುವ ದಿನ ಮೂಲ ಅಂಕಪಟ್ಟಿಗಳನ್ನು ಪರಿಶೀಲನೆಗೆ ತೋರಿಸಿ, ನಕಲು ಪ್ರತಿಗಳನ್ನು ಕೊಟ್ಟು, ಮೂಲ ಪ್ರತಿಗಳನ್ನು ಅಂದೇ ಮನೆಗೆ ತನ್ನಿ.