ಹಲ್ಲಿಗೆ ಕ್ಲಿಪ್ ಹಾಕಿಸುವಾಗ ಎಕ್ಸ್‌ರೇ: ಯಾವುದು ಬೇಕು, ಯಾವುದನ್ನು ಕೇಳಿ ತೆಗೆಸಬೇಕು

ಶಿರಸಿಯಲ್ಲಿ ತೆಗೆಸಿದ ಓಪಿಜಿಯನ್ನು, ಅಂದರೆ ಎರಡೂ ದವಡೆ ಒಟ್ಟಿಗೆ ಕಾಣುವ ಎಕ್ಸ್‌ರೇಯನ್ನು, ಮನೆಯಲ್ಲೇ ಬಿಟ್ಟು ಹುಬ್ಬಳ್ಳಿಗೆ ಹೋದರೆ ಅಲ್ಲಿ ಮತ್ತೊಂದು ತೆಗೆಯುತ್ತಾರೆ. ಕಾರವಾರದಿಂದ ಗೋವಾಕ್ಕೆ, ಭಟ್ಕಳದಿಂದ ಮಣಿಪಾಲಕ್ಕೆ ಹೋಗುವವರದ್ದೂ ಇದೇ ಕತೆ. ಕ್ಲಿಪ್ ಚಿಕಿತ್ಸೆಯ ಒಂದೊಂದು ಎಕ್ಸ್‌ರೇಯ ವಿಕಿರಣ ತೀರಾ ಸಣ್ಣದು, ಅದಕ್ಕೆ ಹೆದರಿ ಬೇಕಾದ ಚಿತ್ರವನ್ನು ಬಿಡಬಾರದು. ಆದರೆ ಒಂದೇ ಚಿತ್ರವನ್ನು ಎರಡು ಸಲ ತೆಗೆಸುವುದರಿಂದ ಮಗುವಿಗೆ ಯಾವ ಲಾಭವೂ ಇಲ್ಲ. ಇದನ್ನು ತಡೆಯುವುದು ಬಹುಮಟ್ಟಿಗೆ ಪಾಲಕರ ಕೈಯಲ್ಲೇ ಇದೆ.

ಮೊದಲು ಅಳತೆ ಗೊತ್ತಿರಲಿ. ಮೈಗೆ ತಾಗುವ ವಿಕಿರಣವನ್ನು ಸೀವರ್ಟ್‌ನಲ್ಲಿ ಅಳೆಯುತ್ತಾರೆ, ಒಂದು ಮಿಲಿಸೀವರ್ಟ್ ಎಂದರೆ ಸಾವಿರ ಮೈಕ್ರೋಸೀವರ್ಟ್. ಭೂಮಿಯ ಮೇಲೆ ಬದುಕುವ ಎಲ್ಲರಿಗೂ ನೆಲ, ಗಾಳಿ, ಆಕಾಶ, ಆಹಾರಗಳಿಂದ ವಿಕಿರಣ ತಾಗುತ್ತಲೇ ಇರುತ್ತದೆ. ಜಾಗತಿಕ ಸರಾಸರಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್, ಅಂದರೆ ದಿನಕ್ಕೆ 6ರಿಂದ 7 ಮೈಕ್ರೋಸೀವರ್ಟ್. ಬಾಯೊಳಗಿಟ್ಟು ತೆಗೆಯುವ ಒಂದು ಸಣ್ಣ ಡಿಜಿಟಲ್ ಎಕ್ಸ್‌ರೇಗೆ ಕೆಲವೇ ಮೈಕ್ರೋಸೀವರ್ಟ್. ತಲೆಯ ಪಕ್ಕದಿಂದ ತೆಗೆಯುವ ಲ್ಯಾಟರಲ್ ಸೆಫಲೋಗ್ರಾಮ್‌ಗೆ ಸುಮಾರು 5. ಓಪಿಜಿಗೆ ಹೆಚ್ಚಾಗಿ 10ರಿಂದ 25. ಹಲ್ಲು, ದವಡೆಗಳನ್ನು ಮೂರು ಆಯಾಮದಲ್ಲಿ ತೋರಿಸುವ ಕೋನ್ ಬೀಮ್ ಸಿಟಿಯದ್ದು ಮಾತ್ರ ಬೇರೆಯೇ ಲೆಕ್ಕ: ಕೆಲವೇ ಹಲ್ಲುಗಳ ಸಣ್ಣ ಜಾಗಕ್ಕೆ ಹಲವು ಹತ್ತುಗಳಿಂದ 100ರ ಆಸುಪಾಸು, ಇಡೀ ಮುಖಕ್ಕೆ ಸುಮಾರು 200. ಯಂತ್ರ ಮತ್ತು ಸೆಟ್ಟಿಂಗ್ ಬದಲಾದರೆ ಇದು ಹಲವು ಪಟ್ಟು ಏರಿಳಿಯುತ್ತದೆ. ಹಳೆಯ ಪುಸ್ತಕಗಳಲ್ಲಿ ಅಂಕಿಗಳು ಇನ್ನೂ ಕಡಿಮೆ ಕಾಣಬಹುದು. ಅಂತಾರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗವು 2007ರಲ್ಲಿ ಜೊಲ್ಲು ಗ್ರಂಥಿಗಳನ್ನೂ ಲೆಕ್ಕಕ್ಕೆ ಸೇರಿಸಿತು, ಹಲ್ಲಿನ ಎಕ್ಸ್‌ರೇಗಳ ಅಂಕಿ ಏರಿದ್ದು ಆಮೇಲೆ.

ಎರಡು ವರ್ಷದ ಚಿಕಿತ್ಸೆಯಲ್ಲಿ ಮೂರು ಓಪಿಜಿ, ಎರಡು ಸೆಫಲೋಗ್ರಾಮ್ ಆದವು ಎನ್ನಿ. ಒಟ್ಟು 70 ಮೈಕ್ರೋಸೀವರ್ಟ್ ಆಸುಪಾಸು, ಹನ್ನೊಂದು ದಿನಗಳ ಸಹಜ ವಿಕಿರಣಕ್ಕೆ ಸಮ. ಆದರೂ ಲೆಕ್ಕ ಇಡಬೇಕಾದ್ದು ಕ್ಲಿಪ್ ಹಾಕಿಸುವವರು ಮಕ್ಕಳು ಎಂಬ ಕಾರಣಕ್ಕೆ. 2012ರ ಯುರೋಪಿನ ಮಾರ್ಗಸೂಚಿಯ ಪ್ರಕಾರ, 30 ವರ್ಷದವರಿಗೆ ಹೋಲಿಸಿದರೆ ಅದೇ ಪ್ರಮಾಣದ ಅಪಾಯ 10ರಿಂದ 20 ವರ್ಷದವರಿಗೆ ಸುಮಾರು 2 ಪಟ್ಟು, 10ರೊಳಗಿನವರಿಗೆ 3 ಪಟ್ಟು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ವಿಕಿರಣ ಎಂದರೆ ಕೈಗಾ ಅಣು ವಿದ್ಯುತ್ ಸ್ಥಾವರದ ಮಾತೂ ಬರುತ್ತದೆ. ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ಎಂದು ದೇಶದ ಅಣುಶಕ್ತಿ ನಿಯಂತ್ರಣ ಮಂಡಳಿ (ಎಇಆರ್‌ಬಿ) ಹಾಕಿರುವ ಮಿತಿ ಸ್ಥಾವರದಂಥ ಮೂಲಗಳಿಗೆ ಮಾತ್ರ. ರೋಗಿಗೆ ತೆಗೆಯುವ ಎಕ್ಸ್‌ರೇಗೆ ಅಂಥ ಮಿತಿಯೇ ಇಲ್ಲ. ಆದ್ದರಿಂದ ‘ಇನ್ನೂ ಮಿತಿಯೊಳಗೇ ಇದೆ’ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಪ್ರತಿ ಸಲವೂ ಕೇಳಬೇಕಾದ್ದು ಒಂದೇ ಪ್ರಶ್ನೆ: “ಡಾಕ್ಟ್ರೇ, ಈ ಚಿತ್ರ ನೋಡಿದ ಮೇಲೆ ಚಿಕಿತ್ಸೆಯಲ್ಲಿ ಏನು ಬದಲಾಗಬಹುದು?”

ಯಾವಾಗ ಯಾವುದು

ಶುರುವಿಗೆ ಓಪಿಜಿ ಬೇಕೇ ಬೇಕು. ಹುಟ್ಟದ ಹಲ್ಲು, ಹೆಚ್ಚುವರಿ ಹಲ್ಲು, ದಾರಿ ತಪ್ಪಿದ ಕೋರೆಹಲ್ಲು ಇವೆಲ್ಲ ಬಾಯಿ ನೋಡಿದರೆ ತಿಳಿಯುವುದಿಲ್ಲ. ದವಡೆ ಹಿಂದೆ ಮುಂದೆ ಇದ್ದರೆ, ಅಥವಾ ಹಲ್ಲು ಕಿತ್ತು ಮುಂದಿನವನ್ನು ಒಳಗೆ ಎಳೆಯುವುದಿದ್ದರೆ ಸೆಫಲೋಗ್ರಾಮ್ ಕೂಡ ಬೇಕು. ಮಗು ಇನ್ನೆಷ್ಟು ಬೆಳೆಯುತ್ತದೆ ಎಂದು ನೋಡಲು ಕೈಯ ಎಕ್ಸ್‌ರೇ ಬರೆದುಕೊಟ್ಟರೆ, ಸೆಫಲೋಗ್ರಾಮ್‌ನಲ್ಲೇ ಕಾಣುವ ಕುತ್ತಿಗೆಯ ಎರಡರಿಂದ ನಾಲ್ಕನೇ ಮೂಳೆಗಳಿಂದ ಅದನ್ನು ಅಂದಾಜಿಸಬಹುದೇ ಎಂದು ಕೇಳಿ.

ನಡುವೆ, ತಂತಿ ಹಾಕಿ ಆರು ತಿಂಗಳಿಂದ ಒಂದು ವರ್ಷದೊಳಗೆ, ಬೇರು ಸವೆಯುತ್ತಿದೆಯೇ ಎಂದು ನೋಡುವುದುಂಟು. ಮುಂದಿನ ಹಲ್ಲುಗಳ ಬಗ್ಗೆ ಮಾತ್ರ ಅನುಮಾನವಿದ್ದರೆ ಒಂದೆರಡು ಸಣ್ಣ ಎಕ್ಸ್‌ರೇ ಸಾಕು, ಬೇರಿನ ತುದಿ ಓಪಿಜಿಗಿಂತ ಅದರಲ್ಲೇ ಚೊಕ್ಕವಾಗಿ ಕಾಣುತ್ತದೆ. ಕ್ಲಿಪ್ ಬಿಚ್ಚುವ ಹೊತ್ತಿಗೆ ಕಡತಕ್ಕಾಗಿ ಮಾತ್ರ ತೆಗೆಯುವ ಸೆಫಲೋಗ್ರಾಮ್ ಬೇಡ ಎನ್ನಬಹುದು.

ಓಪಿಜಿ ಒಂದೇ ಸಲಕ್ಕೆ ಸರಿ ಬರಬೇಕಾದರೆ

ಯಂತ್ರದ ತೋಳು ತಲೆಯ ಸುತ್ತ ತಿರುಗಲು ಹತ್ತರಿಂದ ಹದಿನೆಂಟು ಸೆಕೆಂಡು ಬೇಕು. ಅಷ್ಟರಲ್ಲಿ ಮಗು ಅಲುಗಿದರೆ ಚಿತ್ರ ಕೆಟ್ಟಿತು, ಇನ್ನೊಮ್ಮೆ ತೆಗೆಯಬೇಕು. ಒಳಗೆ ಹೋಗುವ ಮೊದಲೇ ಓಲೆ, ಮೂಗುತಿ, ಸರ, ಹೇರ್‌ಪಿನ್, ಕನ್ನಡಕ ತೆಗೆದಿಡಿ. ಓಲೆಯ ನೆರಳು ಆಚೆ ಬದಿಯಲ್ಲಿ, ಸ್ವಲ್ಪ ಮೇಲೆ, ಮಸುಕಾಗಿ ಬಿದ್ದು ಅಲ್ಲಿನ ಹಲ್ಲನ್ನೇ ಮರೆಮಾಡುತ್ತದೆ. ಕಚ್ಚುವ ಪ್ಲಾಸ್ಟಿಕ್ ಕಡ್ಡಿಯಲ್ಲಿ ಒಂದು ಗೀರು ಇದೆ, ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳೆರಡೂ ಅದರಲ್ಲೇ ಕೂರಬೇಕು. ಹಲ್ಲು ಅದಕ್ಕಿಂತ ಮುಂದಿದ್ದರೆ ಮುಂಹಲ್ಲು ಸಣಕಲಾಗಿ ಕಾಣುತ್ತವೆ, ಹಿಂದಿದ್ದರೆ ಅಗಲವಾಗುತ್ತವೆ. ಗದ್ದ ಹೆಚ್ಚು ತಗ್ಗಿದರೆ ಸಾಲು ಅತಿಯಾಗಿ ಬಾಗಿ ಕೆಳಗಿನ ಮುಂಹಲ್ಲಿನ ಬೇರು ಮಸುಕಾಗುತ್ತದೆ. ಕುತ್ತಿಗೆ ಕುಗ್ಗಿಸಿ ನಿಂತರೆ ಬೆನ್ನುಮೂಳೆಯ ಬಿಳಿ ನೆರಳು ಚಿತ್ರದ ನಡುವೆ ಬರುತ್ತದೆ. ಹಾಗಾಗಿ ಒಂದು ಹೆಜ್ಜೆ ಮುಂದಿಟ್ಟು, ಭುಜ ಇಳಿಸಿ, ನೆಟ್ಟಗೆ ನಿಲ್ಲಲು ಹೇಳಿ.

ಹೆಚ್ಚು ಮಂದಿ ಮರೆಯುವುದು ನಾಲಿಗೆಯನ್ನು. ಅದು ಕೆಳಗೇ ಇದ್ದರೆ ನಾಲಿಗೆಗೂ ಅಂಗುಳಕ್ಕೂ ನಡುವಿನ ಗಾಳಿ ಕಪ್ಪು ಪಟ್ಟಿಯಾಗಿ ಮೇಲಿನ ಬೇರುಗಳ ಮೇಲೆ ಕೂರುತ್ತದೆ. ಉಗುಳು ನುಂಗಿ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಯಂತ್ರ ನಿಲ್ಲುವವರೆಗೂ ಹಾಗೇ ಹಿಡಿಯುವುದನ್ನು ಮನೆಯಲ್ಲೇ ನಾಲ್ಕು ಸಲ ಅಭ್ಯಾಸ ಮಾಡಿಸಿ. ಯಂತ್ರದಲ್ಲಿ ಮಕ್ಕಳ ಪ್ರೋಗ್ರಾಮ್ ಇದ್ದರೆ ಅದನ್ನೇ ಹಾಕಲು ಹೇಳಿ, ವಿಕಿರಣ ಕಡಿಮೆಯಾಗುತ್ತದೆ.

ವಿಕಿರಣ ತಡೆಯಲು ಮೈಗೆ ಹೊದಿಸುವ ಸೀಸದ ಏಪ್ರನ್ ಕೊಡಲಿಲ್ಲವೆಂದು ಜಗಳ ಬೇಡ. ಅಮೆರಿಕದ ದಂತವೈದ್ಯ ಸಂಘ 2024ರಲ್ಲಿ ಏಪ್ರನ್, ಕುತ್ತಿಗೆಗೆ ಸುತ್ತುವ ಥೈರಾಯ್ಡ್ ಕಾಲರ್ ಎರಡನ್ನೂ ಬಿಡಬಹುದು ಎಂದಿದೆ. ಓಪಿಜಿಯ ಕಿರಣ ತಲೆಯ ಹಿಂದಿನಿಂದ ಬರುವುದರಿಂದ, ಕುತ್ತಿಗೆಯ ಹಿಂದೆ ಏರಿದ ಏಪ್ರನ್ ಚಿತ್ರವನ್ನೇ ಹಾಳುಮಾಡುತ್ತದೆ. ಸೆಫಲೋಗ್ರಾಮ್‌ನಲ್ಲಿ ಕಾಲರ್ ಕುತ್ತಿಗೆಯ ಮೂಳೆಗಳನ್ನು ಮುಚ್ಚುತ್ತದೆ. ಇದಕ್ಕಿಂತ ಬಾಯೊಳಗಿನ ಎಕ್ಸ್‌ರೇಗೆ ಕಿರಣ ಬರುವ ಕೊಳವೆಯ ಬಾಯಿ ಆಯತಾಕಾರದ್ದೇ ಎಂದು ಕೇಳುವುದು ಮೇಲು. ದುಂಡು ಬಾಯಿಗೆ ಹೋಲಿಸಿದರೆ ಪ್ರಮಾಣ ಅರ್ಧಕ್ಕಿಂತ ಕೆಳಗೆ ಇಳಿಯಬಹುದು.

ಕೋರೆಹಲ್ಲು ಸಿಕ್ಕಿಕೊಂಡಾಗ

ಸಿಟಿ ಮಾತು ಬರುವುದು ಹೆಚ್ಚಾಗಿ ಇಲ್ಲಿ. ಮೇಲಿನ ಕೋರೆಹಲ್ಲಿನ ಉಬ್ಬು ಒಂಬತ್ತು-ಹತ್ತನೇ ವಯಸ್ಸಿಗೆ ವಸಡಿನ ಹೊರಬದಿಯಲ್ಲಿ ಬೆರಳಿಗೆ ಸಿಗಬೇಕು. ಸಿಗದಿದ್ದರೆ ಅದು ಅಂಗುಳದ ಕಡೆ ಇದೆಯೋ ತುಟಿಯ ಕಡೆಯೋ ಎಂದು ಎರಡು ಸಣ್ಣ ಎಕ್ಸ್‌ರೇಗಳಿಂದ ತಿಳಿಯಬಹುದು. ಒಂದು ನೇರ, ಇನ್ನೊಂದು ಕೊಳವೆಯನ್ನು ಹಿಂದಿನ ಹಲ್ಲುಗಳತ್ತ ಸರಿಸಿ. ಕೋರೆಹಲ್ಲಿನ ಚಿತ್ರ ಕೊಳವೆ ಹೋದ ಕಡೆಗೇ ಸರಿದರೆ ಅಂಗುಳದ ಬದಿ, ಎದುರು ದಿಕ್ಕಿಗೆ ಸರಿದರೆ ತುಟಿಯ ಬದಿ. ಪಕ್ಕದ ಹಲ್ಲಿನ ಬೇರು ಕರಗುತ್ತಿರುವ ಅನುಮಾನ ಇದ್ದರೆ ಕೋನ್ ಬೀಮ್ ಸಿಟಿ ನ್ಯಾಯ, ಅದೂ ಆ ಜಾಗದಷ್ಟಕ್ಕೆ ಮಾತ್ರ. ಊರಲ್ಲಿ ಆ ಯಂತ್ರ ಇಲ್ಲವೆಂದು ಆಸ್ಪತ್ರೆಯ ಮಾಮೂಲಿ ಸಿಟಿಗೆ ಕಳಿಸಿದರೆ ಪ್ರಮಾಣ ಸಾಮಾನ್ಯವಾಗಿ ಇನ್ನೂ ಹೆಚ್ಚು. ಅವಸರವಿಲ್ಲದಿದ್ದರೆ ಯಂತ್ರ ಇರುವ ಊರಿಗೇ ಹೋಗಿ. ತಂತಿಯ ಬದಲು ಅಲೈನರ್ (ಹಲ್ಲಿಗೆ ತೊಡಿಸುವ ಪಾರದರ್ಶಕ ಅಚ್ಚು) ಹಾಕುವವರು ‘ತ್ರೀಡಿ ಸ್ಕ್ಯಾನ್’ ಎಂದರೆ ಯಾವುದೆಂದು ಕೇಳಿ: ಬಾಯೊಳಗೆ ಆಡಿಸುವ ಸ್ಕ್ಯಾನರ್ ಬೆಳಕಿನದ್ದು, ಅದರಲ್ಲಿ ವಿಕಿರಣವೇ ಇಲ್ಲ.

ಚಿತ್ರವನ್ನು ಜೊತೆಗೆ ಒಯ್ಯುವುದು

ತೆಗೆಸಿದ ದಿನವೇ ಮೂಲ ಫೈಲ್ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ಸಿಟಿಯಾದರೆ ಡೈಕಾಮ್ (ವೈದ್ಯಕೀಯ ಚಿತ್ರಗಳ ಫೈಲ್ ಮಾದರಿ) ರೂಪದ ಪೂರ್ತಿ ಫೋಲ್ಡರ್ ಬೇಕು, ಪ್ರಿಂಟ್ ಹಾಕಿದ ನಾಲ್ಕು ಚಿತ್ರ ಸಾಲದು. ಫಿಲ್ಮನ್ನು ಬಲ್ಬಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದರೆ ಓರೆಯಾಗಿ ಅಳತೆ ಕೆಡುತ್ತದೆ, ಸೆಫಲೋಗ್ರಾಮ್‌ನಲ್ಲಿ ಮಿಲಿಮೀಟರ್ ಪಟ್ಟಿಯೂ ಕಾಣಬೇಕು. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಫೋಟೋ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಿ. ಫೈಲಿನ ಹೆಸರಲ್ಲೇ ಮಗುವಿನ ಹೆಸರು, ತಾರೀಖು ಇರಲಿ. ಹೊಸ ಡಾಕ್ಟರ ಹತ್ತಿರ ಕುರ್ಚಿಯ ಮೇಲೆ ಕೂರುವ ಮೊದಲೇ ಇದನ್ನು ಕೊಡಿ. ಕೆಲವು ತಿಂಗಳ ಹಿಂದಿನ ಓಪಿಜಿ ಬಹಳ ಸಲ ಸಾಕಾಗುತ್ತದೆ. ಭರದಿಂದ ಬೆಳೆಯುತ್ತಿರುವ ಮಗುವಿನ ಸೆಫಲೋಗ್ರಾಮ್ ಮಾತ್ರ ಬೇಗ ಹಳತಾಗುತ್ತದೆ. ಫಿಲ್ಮೇ ಇದ್ದರೆ ಒಂದೊಂದಕ್ಕೂ ಬೇರೆ ಕಾಗದದ ಕವರ್ ಹಾಕಿ ಗಾಳಿಯಾಡದ ಡಬ್ಬಿಯಲ್ಲಿಡಿ. ನಮ್ಮ ಕಡೆಯ ಮಳೆಗಾಲದ ಥಂಡಿಗೆ ಫಿಲ್ಮುಗಳು ಒಂದಕ್ಕೊಂದು ಅಂಟಿ ಬೂಸ್ಟು ಹಿಡಿಯುತ್ತವೆ.