ನೀರು ಬಾರದ ದಿನಗಳಲ್ಲಿ ಹಾಸಿಗೆ ಹಿಡಿದವರ ಆರೈಕೆ

ಬೆಂಗಳೂರಿನ ನಲ್ಲಿಗಳಿಗೆ ಬರುವ ಕಾವೇರಿ ನೀರನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಹಂತಗಳಲ್ಲಿ ಪಂಪ್ ಮಾಡಿ ಮೇಲೆತ್ತಬೇಕಾಗುತ್ತದೆ. ಈ ದಾರಿಯಲ್ಲಿ ಎಲ್ಲಿಯಾದರೂ ವಿದ್ಯುತ್ ಹೋದರೆ, ಕೊಳವೆ ಒಡೆದರೆ ಅಥವಾ ದುರಸ್ತಿ ನಡೆದರೆ ನಗರದ ದೊಡ್ಡ ಭಾಗಕ್ಕೆ ನೀರು ನಿಲ್ಲುತ್ತದೆ. ಪೂರೈಕೆ ಮರಳಿದ ಮೇಲೂ ಎತ್ತರದ ಬಡಾವಣೆಗಳಿಗೂ ಕೊಳವೆಯ ಕೊನೆಯಲ್ಲಿರುವ ಮನೆಗಳಿಗೂ ನೀರು ತಡವಾಗಿಯೇ ತಲುಪುತ್ತದೆ. ಆದ್ದರಿಂದ ಪಾರ್ಶ್ವವಾಯು, ಬೆನ್ನುಹುರಿಯ ಪೆಟ್ಟು ಅಥವಾ ಮುಪ್ಪಿನಿಂದ ಹಾಸಿಗೆ ಹಿಡಿದವರಿರುವ ಮನೆಯವರು ಜಲಮಂಡಳಿ ಒಂದು ದಿನ ನೀರಿಲ್ಲವೆಂದು ಪ್ರಕಟಿಸಿದರೆ ಎರಡು ದಿನಕ್ಕೆ ಸಿದ್ಧರಾಗುವುದು ಒಳ್ಳೆಯದು.

ಸಂಪಿನಲ್ಲಿ ಎಷ್ಟು ನೀರಿದೆ ಎಂದು ನೋಡುವ ಮೊದಲೇ ಮಲಗಿರುವವರ ಪಾಲಿನ ನೀರನ್ನು ಬೇರೆ ಎತ್ತಿಡಬೇಕು. ಕುಡಿಯಲು ಮತ್ತು ಗಂಜಿಗೆ, ಮೈ ಒರೆಸಲು, ಡೈಪರ್ ಬದಲಿಸುವಾಗ ತೊಳೆಯಲು, ಆರೈಕೆ ಮಾಡುವವರು ಕೈ ತೊಳೆದುಕೊಳ್ಳಲು ಎಲ್ಲ ಸೇರಿ ದಿನಕ್ಕೆ ಸುಮಾರು 20 ಲೀಟರ್, ಅಂದರೆ ಒಂದು ಕ್ಯಾನಿನಷ್ಟು ನೀರಿದ್ದರೆ ಎಚ್ಚರಿಕೆಯಿಂದ ನಿಭಾಯಿಸಬಹುದು. ಈ ನೀರನ್ನು ಮುಚ್ಚಳವಿರುವ, ಕೆಳಗೆ ನಲ್ಲಿಯಿರುವ ಡ್ರಮ್ಮಿನಲ್ಲಿ ತುಂಬಿಸಿ ಅವರ ಕೋಣೆಯ ಹತ್ತಿರವೇ ಇಡಿ. ಚೊಂಬು ಅದ್ದಿ ಮೊಗೆಯುವುದರಿಂದ ನೀರು ಕೊಳಕಾಗುತ್ತದೆ ಮತ್ತು ಬೇಗ ಖಾಲಿಯೂ ಆಗುತ್ತದೆ. ಉಳಿತಾಯವನ್ನು ನೆಲ ಒರೆಸುವುದರಲ್ಲಿ, ಬಟ್ಟೆ ಒಗೆಯುವುದರಲ್ಲಿ, ಉಳಿದವರ ಸ್ನಾನದಲ್ಲಿ ಮಾಡಿ. ಮಲಗಿರುವವರ ಕುಡಿಯುವ ನೀರಿನಲ್ಲಿ, ಅವರ ಮೈಯ ಶುಚಿಯಲ್ಲಿ ಮಾತ್ರ ಕೈ ಬಿಗಿ ಮಾಡಬೇಡಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಅತ್ತೆಯವರು ಪಾರ್ಶ್ವವಾಯುವಿನಿಂದ ಮಲಗಿದ್ದಾಗ, ಮನೆಯಲ್ಲಿ ನೀರಿಲ್ಲವೆಂಬ ಮಾತು ಕಿವಿಗೆ ಬಿದ್ದೊಡನೆ ಲೋಟವನ್ನು ಅರ್ಧಕ್ಕೇ ಕೆಳಗಿಡುತ್ತಿದ್ದರು. ಪದೇ ಪದೇ ಬೆಡ್‌ಪ್ಯಾನ್ ಕೇಳಿ ಸೊಸೆಗೆ ತೊಂದರೆ ಕೊಡಬಾರದೆಂಬುದು ಅವರ ಸಂಕೋಚ. ಹೀಗೆ ನೀರು ಕುಡಿಯುವುದನ್ನು ಕಡಿಮೆ ಮಾಡಿದರೆ ಮಲಬದ್ಧತೆ ಉಂಟಾಗುತ್ತದೆ, ಮೂತ್ರದ ಸೋಂಕು ತಗಲಬಹುದು, ವಯಸ್ಸಾದವರಿಗೆ ಗೊಂದಲವೂ ಮಂಪರೂ ಕವಿಯಬಹುದು. ವೈದ್ಯರು ಇಷ್ಟೇ ನೀರು ಕುಡಿಯಬೇಕೆಂದು ಮಿತಿ ಹೇಳಿರದಿದ್ದರೆ, ಎಂದಿನಷ್ಟೇ ನೀರನ್ನು ಹೊತ್ತು ಹೊತ್ತಿಗೆ ನೀವಾಗಿಯೇ ಕೊಡಿ. ಮೂತ್ರ ಗಾಢ ಬಣ್ಣಕ್ಕೆ ತಿರುಗಿದೆಯೇ, ನಾಲಿಗೆ ಒಣಗಿದೆಯೇ ಎಂದು ಗಮನಿಸಿ. ಅವರ ಎದುರಿಗೆ ನೀರಿನ ಚಿಂತೆಯ ಮಾತನ್ನು ಆಡದಿರುವುದೂ ಆರೈಕೆಯ ಒಂದು ಭಾಗವೇ.

ಮೈ ಒರೆಸಲು ನಾಲ್ಕೈದು ಲೀಟರ್ ಬೆಚ್ಚಗಿನ ನೀರು ಸಾಕು. ಎರಡು ಸಣ್ಣ ಬೇಸಿನ್‌ಗಳನ್ನು ಇಟ್ಟುಕೊಂಡು ಒಂದರಲ್ಲಿ ತೀರಾ ಸ್ವಲ್ಪ ಸೋಪು ಬೆರೆಸಿ, ಇನ್ನೊಂದರಲ್ಲಿ ಬರಿಯ ನೀರನ್ನಿಡಿ. ಹಳೆಯ ಹತ್ತಿ ಪಂಚೆಯನ್ನು ಕೈಯಗಲದ ತುಂಡುಗಳಾಗಿ ಹರಿದಿಟ್ಟುಕೊಂಡರೆ ಒಂದೊಂದು ಭಾಗಕ್ಕೆ ಒಂದೊಂದು ತುಂಡನ್ನು ಬಳಸಬಹುದು, ಕೊಳೆಯಾದ ಬಟ್ಟೆಯನ್ನು ಮತ್ತೆ ನೀರಿಗೆ ಅದ್ದುವ ಪ್ರಮೇಯ ಬರುವುದಿಲ್ಲ. ಮುಖದಿಂದ ಆರಂಭಿಸಿ, ಕುತ್ತಿಗೆ, ತೋಳು, ಕಂಕುಳು, ಎದೆ, ಕಾಲು, ಬೆನ್ನು ಮುಗಿಸಿ, ಗುಪ್ತಾಂಗ ಮತ್ತು ಪೃಷ್ಠವನ್ನು ಕೊನೆಗೆ ಒರೆಸಿ. ಹೆಂಗಸರಿಗೆ ಯಾವಾಗಲೂ ಮುಂದಿನಿಂದ ಹಿಂದಕ್ಕೇ ಒರೆಸಬೇಕು. ಒರೆಸಿದ ಭಾಗವನ್ನು ಕೂಡಲೇ ಒಣ ಬಟ್ಟೆಯಿಂದ ಒತ್ತಿ ಒಣಗಿಸಿ, ಉಜ್ಜಬೇಡಿ. ಮಗ್ಗುಲಿಗೆ ಹೊರಳಿಸಿದಾಗ ಬೆನ್ನಿನ ಕೆಳಭಾಗ, ಸೊಂಟದ ಮೂಳೆ, ಹಿಮ್ಮಡಿಗಳನ್ನು ನೋಡಿ. ಬೆರಳಿನಿಂದ ಒತ್ತಿ ಬಿಟ್ಟ ಮೇಲೂ ಮಾಸದ ಕೆಂಪು ಅಥವಾ ಕಪ್ಪು ಗುರುತು ಹಾಸಿಗೆ ಹುಣ್ಣಿನ ಮೊದಲ ಲಕ್ಷಣ. ನೀರಿನ ಗಡಿಬಿಡಿಯಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ತಪ್ಪದಿರಲಿ. ವೆಟ್ ವೈಪ್ಸ್ ಬಳಸುವುದಾದರೆ ಸುಗಂಧವಿಲ್ಲದ ಬಗೆಯನ್ನು ಆರಿಸಿಕೊಳ್ಳಿ.

ಸ್ಯಾನಿಟೈಸರ್ ಇದೆಯೆಂದು ಕೈ ತೊಳೆಯುವುದನ್ನು ಬಿಡುವಂತಿಲ್ಲ, ಏಕೆಂದರೆ ಮಲ ಮೂತ್ರ ತಗಲಿದ ಕೈಯನ್ನು ಅದು ಶುಚಿ ಮಾಡಲಾರದು. ಮೂತ್ರ ಹೊರತೆಗೆಯುವ ಕೊಳವೆ, ಅಂದರೆ ಕ್ಯಾಥೆಟರ್ ಇರುವವರಿಗೆ, ಅದರಲ್ಲೂ ದಿನಕ್ಕೆ ಹಲವು ಸಲ ತಾವೇ ಕ್ಯಾಥೆಟರ್ ಹಾಕಿಕೊಳ್ಳುವವರಿಗೆ, ಸೋಪು ಮತ್ತು ನೀರು ಬೇಕೇ ಬೇಕು. ಮೂಗಿನ ಕೊಳವೆಯ ಮೂಲಕ ಆಹಾರ ಪಡೆಯುವವರಿದ್ದರೆ, ಕೊಳವೆಯನ್ನು ತೊಳೆಯಲು ಕುದಿಸಿ ಆರಿಸಿದ ನೀರನ್ನು ಬೇರೆಯೇ ಸ್ಟೀಲ್ ಪಾತ್ರೆಯಲ್ಲಿ ಮುಚ್ಚಿಡಿ.

ಬಟ್ಟೆಯ ಭಾರವನ್ನು ತಗ್ಗಿಸಲು ಈ ದಿನಗಳಲ್ಲಿ ವಯಸ್ಕರ ಡೈಪರ್ ಮತ್ತು ಅಂಡರ್‌ಪ್ಯಾಡ್‌ಗಳ ಖರ್ಚಿಗೆ ಹಿಂಜರಿಯಬೇಡಿ. ಡೈಪರನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ಬೇರೆಯಾಗಿಯೇ ಕಸದವರಿಗೆ ಕೊಡಿ. ಕಮೋಡಿಗೆ ನೀರನ್ನು ಚೊಂಬಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಹಾಕುವ ಬದಲು ಅರ್ಧ ಬಕೆಟ್ ನೀರನ್ನು ಒಮ್ಮೆಲೇ ಸುರಿದರೆ ಕಡಿಮೆಯಲ್ಲಿ ಶುಚಿಯಾಗುತ್ತದೆ. ಆರ್‌ಒ ಯಂತ್ರ ಹೊರಹಾಕುವ ನೀರು, ತರಕಾರಿ ತೊಳೆದ ನೀರು ಇದಕ್ಕೆ ಸಾಕು.

ಟ್ಯಾಂಕರ್ ತರಿಸುವುದಾದರೆ, ಅದು ಬರುವ ಮೊದಲು ಸಂಪಿನಲ್ಲಿ ಉಳಿದಿರುವ ಕಾವೇರಿ ನೀರನ್ನು ಬಿಂದಿಗೆಗಳಿಗೆ ತುಂಬಿಸಿಕೊಳ್ಳಿ, ಒಮ್ಮೆ ಬೆರೆತರೆ ಬೇರ್ಪಡಿಸಲಾಗದು. ಖಾಸಗಿ ಟ್ಯಾಂಕರಿನಲ್ಲಿ ಬರುವುದು ಬಹುಮಟ್ಟಿಗೆ ಕೊಳವೆಬಾವಿಯ ನೀರು. ಅದು ಗಡಸಾಗಿದ್ದರೆ ಮಲಗಿರುವವರ ತೆಳು ಚರ್ಮ ಒಣಗಿ ತುರಿಸಬಹುದು. ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ಫ್ಲೋರೈಡ್, ನೈಟ್ರೇಟ್‌ಗಳು ಹೋಗುವುದಿಲ್ಲವಾದ್ದರಿಂದ ಟ್ಯಾಂಕರ್ ನೀರನ್ನು ನೆಲ, ಬಟ್ಟೆ ತೊಳೆಯುವಂಥ ಕೆಲಸಕ್ಕೆ ಮಾತ್ರ ಬಳಸಿ. 2024ರ ಬೇಸಿಗೆಯಲ್ಲಿ ಜಿಲ್ಲಾಡಳಿತ ಟ್ಯಾಂಕರುಗಳಿಗೆ ದರ ನಿಗದಿ ಮಾಡಬೇಕಾಗಿ ಬಂದಿತ್ತು; ಅಭಾವ ಹೆಚ್ಚಿದಷ್ಟೂ ಬೆಲೆಯೂ ಕಾಯುವ ಹೊತ್ತೂ ಹೆಚ್ಚುತ್ತವೆ. ಜಲಮಂಡಳಿಯ ಸಹಾಯವಾಣಿ 1916ಕ್ಕೆ ಕರೆ ಮಾಡಿದಾಗ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ ಎಂಬುದನ್ನು ಮೊದಲ ಮಾತಿನಲ್ಲೇ ಹೇಳಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಅಪಾರ್ಟ್‌ಮೆಂಟಿನಲ್ಲಿರುವವರು ಈ ವಿಷಯವನ್ನು ಸಂಘಕ್ಕೆ ಮುಂಚೆಯೇ ಬರೆದು ತಿಳಿಸಿದ್ದರೆ, ನೀರು ಬಿಡುವ ವೇಳೆಯನ್ನು ಆರೈಕೆಗೆ ಹೊಂದಿಸಿಕೊಡುವಂತೆ ಕೇಳುವುದು ಸುಲಭವಾಗುತ್ತದೆ.

ನೀರು ಮರಳಿ ಬಂದಾಗ ಮೊದಲು ಬರುವ ಕದಡಿದ ನೀರನ್ನು ಬಕೆಟ್ಟಿಗೆ ಹಿಡಿದು ಶೌಚಕ್ಕೆ ಇಟ್ಟುಕೊಳ್ಳಿ. ತಿಳಿಯಾದ ನೀರು ಬರುವವರೆಗೆ ಆರ್‌ಒ ಯಂತ್ರವನ್ನು ಚಾಲೂ ಮಾಡಬೇಡಿ. ಬಳಿಕ ಅವರ ಹೊದಿಕೆ, ರೆಕ್ಸಿನ್ ಹಾಸುಗಳನ್ನು ಒಗೆದು, ಡ್ರಮ್ಮನ್ನು ತಿಕ್ಕಿ ತೊಳೆದು ಹೊಸ ನೀರು ತುಂಬಿಸಿ.